ಮಳೆ ಬಂದಾಗಲೆಲ್ಲ ರಜೆ ಹಾಕುವ ಹೂಳುತಡೆ ಪರದೆಯವರಿಗೆ

ಮಾನ್ಯ ಪರದೆಯವರೇ,

ಗುಡ್ಡದ ಮೇಲೆ ಏಳುತ್ತಿರುವ ವಸತಿ ಸಂಕೀರ್ಣದ ನಿವೇಶನದಲ್ಲಿ ಹೂಳುತಡೆಯ ಗುರುತರ ಹುದ್ದೆಯನ್ನು ಅಲಂಕರಿಸಿರುವ, ಬಿಸಿಲಿಗೆ ಎಂದೂ ಬೆನ್ನು ತೋರದ, ಮೈಮೇಲೆ ಒಂದು ಕಲೆಯನ್ನೂ ಕೂರಗೊಡದ ತಮ್ಮ ಸನ್ನಿಧಿಗೆ, ಗುಡ್ಡದ ಕೆಳಗಿನ ಬೀದಿಯ ಸಮಸ್ತರ ಪರವಾಗಿ, ಅವರಲ್ಲಿ ಯಾರೂ ನನ್ನನ್ನು ಹಾಗೆ ಕೇಳಿಕೊಂಡಿಲ್ಲವಾದರೂ, ವಿನಯಪೂರ್ವಕ ವಂದನೆಗಳು. ತಾವು ಈಗ ಎಲ್ಲಿದ್ದೀರಿ, ಎಂಥ ಸ್ಥಿತಿಯಲ್ಲಿದ್ದೀರಿ ಎಂಬುದು ನಮ್ಮಿಬ್ಬರಿಗೂ ಗೊತ್ತಿರುವುದರಿಂದ ಕ್ಷೇಮ ವಿಚಾರಿಸುವ ನಾಟಕವನ್ನು ಬಿಟ್ಟು ನೇರವಾಗಿ ದೂರಿಗೇ ಬರುತ್ತೇನೆ. ಬಟ್ಟೆಯೊಂದಕ್ಕೆ ಪತ್ರ ಬರೆಯುವುದು ಸರಿಯೇ ಎಂದು ಕೆಲವರು ಕೇಳಿದರು. ಕಟ್ಟಡ ಕಟ್ಟುವ ಕಂಪನಿಗೆ ಬರೆದೆ, ಅದನ್ನು ಪರಿಶೀಲಿಸುವ ಕಚೇರಿಗೆ ಬರೆದೆ, ಎರಡೂ ಕಡೆಯಿಂದ ಬಂದ ಉತ್ತರದಲ್ಲಿ 'ನಿವೇಶನದಲ್ಲಿ ಪರದೆ ಇದೆ' ಎಂದಷ್ಟೇ ಇತ್ತು. ಅಂದಮೇಲೆ ಇಡೀ ವ್ಯವಹಾರದಲ್ಲಿ ಜವಾಬ್ದಾರಿ ಹೊತ್ತಿರುವವರು ತಾವೊಬ್ಬರೇ ಎಂದು ತಿಳಿದು ತಮಗೇ ಬರೆಯುತ್ತಿದ್ದೇನೆ.

ನಾನು ಕೆಳಗಿನ ಬೀದಿಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಚಿಕ್ಕಮ್ಮನ ಅಕ್ಕನ ಮಗಳು. ಗಂಟು ಹೊರುವುದು, ಹಗ್ಗಕ್ಕೆ ಬಟ್ಟೆ ಹರಡುವುದು, ಚೀಟಿ ಅಂಟಿಸುವುದು ನನ್ನ ಕೆಲಸ; ಉಳಿದ ಹೊತ್ತಿನಲ್ಲಿ ಕಚೇರಿಗಳ ಬಾಗಿಲಲ್ಲಿ ಪುಕ್ಕಟೆಯಾಗಿ ಇಟ್ಟಿರುವ, ಯಾರೂ ಮುಟ್ಟದ ಕಿರುಹೊತ್ತಗೆಗಳನ್ನು ಓದುತ್ತೇನೆ. ನಮ್ಮ ಹಿತ್ತಿಲ ಗೋಡೆಯ ಕಿಂಡಿಯಿಂದ ಗುಡ್ಡದ ಕಾಲುವೆಯ ನೀರು ಒಳಗೆ ಬಂದು, ಅಂಗಳದ ಚಪ್ಪಡಿಗಳ ಮೇಲೆ ಹರಡಿ, ಕಲ್ಲಿನ ತೊಟ್ಟಿಗೆ ಇಳಿಯುತ್ತದೆ. ಆ ನೀರಿನಲ್ಲಿ ಸಾಬೂನು ಚಿಟಿಕೆಯಷ್ಟು ಹಾಕಿದರೂ ನೊರೆ ಏಳುತ್ತದೆ. ನಲ್ಲಿಯ ನೀರಿನಲ್ಲಿ ಇಡೀ ಬಿಲ್ಲೆ ಕರಗಿದರೂ ಬಟ್ಟೆ ಮುಖ ಗಂಟಿಕ್ಕಿಕೊಂಡೇ ಇರುತ್ತದೆ. ಆ ತೊಟ್ಟಿಯನ್ನು ನಂಬಿಯೇ ಚಿಕ್ಕಮ್ಮ ಹೆರಿಗೆ ಆಸ್ಪತ್ರೆಯ ಬಟ್ಟೆಗಳನ್ನು ವಹಿಸಿಕೊಂಡಿರುವುದು. ಹಾಸಿಗೆಯ ಹೊದಿಕೆಗಳು, ದಿಂಬಿನ ಚೀಲಗಳು, ಹುಟ್ಟಿದ ಮಗುವನ್ನು ಮೊದಲು ಸುತ್ತುವ ಗಜದಗಲದ ಮೃದು ಬಟ್ಟೆಗಳು, ಎಲ್ಲವೂ ಬಿಳಿ. ಅಂಗಡಿಯ ಬಾಕಿ ಗಿರಾಕಿಗಳೆಲ್ಲ ಸೇರಿದರೆ ಒಲೆಗೆ ಸೌದೆ ಬರುತ್ತದೆ. ಒಲೆಯ ಮೇಲೆ ಇಡುವುದಕ್ಕೆ ಏನಾದರೂ ಬರಬೇಕಾದರೆ ಆಸ್ಪತ್ರೆಯೇ ಆಗಬೇಕು.

ಈಗ ತಮ್ಮ ಕರ್ತವ್ಯದ ವಿಷಯ. ಕಟ್ಟಡಕ್ಕಾಗಿ ಮಣ್ಣು ಅಗೆಯುವ ಪ್ರತಿಯೊಬ್ಬರೂ ಇಳಿಜಾರಿನ ಕೆಳ ಅಂಚಿನುದ್ದಕ್ಕೂ ಗೂಟ ನೆಟ್ಟು, ಪರದೆ ಕಟ್ಟಿ, ಅದರ ಬುಡವನ್ನು ಮಣ್ಣಿನಲ್ಲಿ ಹೂತು, ಮಳೆ ಬಂದಾಗ ನೀರು ಮಾತ್ರ ಮುಂದೆ ಹೋಗಿ ಮಣ್ಣು ಹಿಂದೆಯೇ ನಿಲ್ಲುವಂತೆ ನೋಡಿಕೊಳ್ಳಬೇಕು ಎಂದು ನಿಯಮ ಹೇಳುತ್ತದೆ. ಪರದೆಯ ಹಿಂದೆ ಕೂಡಿದ ಹೂಳು ಅದರ ಎತ್ತರದ ಮೂರರಲ್ಲೊಂದು ಭಾಗ ಮುಟ್ಟುವ ಮೊದಲು ತೆಗೆದುಹಾಕಬೇಕು ಎಂದೂ ಹೇಳುತ್ತದೆ. ಹೊತ್ತಗೆಯ ಆ ಪುಟವನ್ನು ಓದಿದ ದಿನ ನನಗೆ ಕಣ್ಣಲ್ಲಿ ನೀರು ಬಂದಿತ್ತೆಂದು ಹೇಳಿದರೆ ತಾವು ನಗಬಾರದು. ಗುಡ್ಡದ ಮಣ್ಣು ಗುಡ್ಡದಲ್ಲೇ ಇರಲಿ, ಕೆಳಗಿನವರ ನೀರು ತಿಳಿಯಾಗಿ ಬರಲಿ ಎಂದು ಯಾರೋ ಒಬ್ಬರು ಮೇಜಿನ ಮುಂದೆ ಕುಳಿತು ಯೋಚಿಸಿದ್ದಾರೆ, ನಮ್ಮ ಚಿಕ್ಕಮ್ಮನನ್ನು ಕಣ್ಣಲ್ಲಿ ಕಾಣದೆಯೇ ಅವಳಿಗಾಗಿ ಒಂದು ಪುಟ ಬರೆದಿದ್ದಾರೆ ಎಂದು ನಾನು ನಂಬಿದೆ. ಈಗಲೂ ನಂಬುತ್ತೇನೆ. ನನ್ನ ದೂರು ನಿಯಮದ ಮೇಲಲ್ಲ.

ತಮ್ಮನ್ನು ಆಯ್ಕೆ ಮಾಡುವಾಗಲೇ ಕಂಪನಿಯವರು ತಮ್ಮ ಅಭಿರುಚಿ ತೋರಿಸಿದರು. ಬೇರೆಡೆ ಇಂಥ ಪರದೆ ಕಪ್ಪಗಿರುತ್ತದೆ; ಇಲ್ಲಿ ಮಾತ್ರ ಬಿಳಿಯದು ಬಂತು, ಏಕೆಂದರೆ 'ಪ್ರಕೃತಿಯ ಮಡಿಲಲ್ಲಿ ನಿಮ್ಮ ಮನೆ' ಎಂಬ ಜಾಹೀರಾತು ಫಲಕದ ಪಕ್ಕದಲ್ಲಿ ಬಿಳಿ ಒಪ್ಪುತ್ತದಂತೆ. ಕಚೇರಿಯ ಮುದ್ರೆ ಹಾಕಿಸಿಕೊಂಡು, ಕಡತದಲ್ಲಿ ಹೆಸರು ಬರೆಸಿಕೊಂಡು ತಾವು ಅಧಿಕಾರ ವಹಿಸಿಕೊಂಡಿರಿ. ಮೊದಲ ಮಳೆಯಲ್ಲಿ ತಾವು ತೋರಿದ ಸೇವೆಯನ್ನು ಮರೆಯಲಾರೆ: ಮಣ್ಣೆಲ್ಲ ತಮ್ಮ ಎದೆಗೆ ಬಡಿದು ಅಲ್ಲೇ ಕುಸಿದು ಕುಳಿತಿತ್ತು, ನಮ್ಮ ತೊಟ್ಟಿಗೆ ತಿಳಿನೀರು ಬಂದಿತ್ತು. ಮಾರನೆಯ ವಾರ ಪರಿಶೀಲನಾ ಅಧಿಕಾರಿಗಳು ಬಂದು, ತಮ್ಮ ಕೆಂಪಾದ ಮೈಯನ್ನು ಕಂಡು ಮೂಗು ಮುರಿದು, 'ಪರದೆ ಕೊಳಕಾಗಿದೆ, ನಿರ್ವಹಣೆ ಸಾಲದು' ಎಂದು ಬರೆದು ಅಂಕ ಕಳೆದರು. ಹೂಳನ್ನು ತೆಗೆಯಿರಿ ಎಂಬ ನಿಯಮ ನಿವೇಶನದ ಗೇಟಿಗೆ ಬರುವಷ್ಟರಲ್ಲಿ ಚಿಕ್ಕದಾಗಿ, 'ಪರದೆಯನ್ನು ಸದಾ ಸ್ವಚ್ಛವಾಗಿಡತಕ್ಕದ್ದು' ಎಂಬ ಫಲಕವಾಗಿ ನೇತಾಡಿತು. ಪರದೆ ಕೊಳಕಾಗುವುದು ಮಳೆಯಲ್ಲಿ ಮಾತ್ರ, ಆದ್ದರಿಂದ ಮಳೆಯಲ್ಲಿ ಪರದೆ ಹೊರಗಿರಬಾರದು ಎಂಬ ತೀರ್ಮಾನಕ್ಕೆ ನಿವೇಶನದ ಮೇಲ್ವಿಚಾರಕರು ಬಂದದ್ದು ತೀರಾ ಸಹಜವಾಗಿತ್ತು. ಅವರ ಜಾಗದಲ್ಲಿ ನಾನಿದ್ದು, ನನಗೂ ಇಬ್ಬರು ಮಕ್ಕಳು, ಒಂದು ಕಂತಿನ ಬೈಕು ಇದ್ದಿದ್ದರೆ ನಾನೂ ಅದೇ ತೀರ್ಮಾನಕ್ಕೆ ಬರುತ್ತಿದ್ದೆನೇನೋ.

ಅಂದಿನಿಂದ ತಮಗೆ ಸಿಕ್ಕಿದ ಉಪಚಾರವನ್ನು ನಮ್ಮ ಮಾಳಿಗೆಯ ಮೇಲೆ ಬಟ್ಟೆ ಹರಡುತ್ತ ನಾನು ಕಣ್ಣಾರೆ ಕಂಡಿದ್ದೇನೆ. ಮೋಡ ಕಪ್ಪಾದೊಡನೆ ಕಾವಲುಗಾರ ಸೀಟಿ ಊದುತ್ತಾನೆ. ಕೆಲಸಗಾರರು ಕೈಯಲ್ಲಿದ್ದ ಬಾಂಡಲಿಗಳನ್ನು ಅಲ್ಲೇ ಬಿಸಾಡಿ ಓಡಿಬಂದು, ಒಬ್ಬ ಗೂಟ ಕಿತ್ತು, ಒಬ್ಬ ಕಟ್ಟು ಬಿಚ್ಚಿ, ಇನ್ನಿಬ್ಬರು ತಮ್ಮನ್ನು ಚಾಪೆಯಂತೆ ಸುರುಳಿ ಸುತ್ತಿ, ಹನಿ ಬೀಳುವ ಮುನ್ನ ಎಂಜಿನಿಯರರ ಕೋಣೆಗೆ ಸೇರಿಸುತ್ತಾರೆ. ಸಿಮೆಂಟಿನ ಚೀಲಗಳು ಹೊರಗೇ ನೆನೆದು ಕಲ್ಲಾದದ್ದುಂಟು. ತಾವು ಮಾತ್ರ ಒಂದು ದಿನವೂ ನೆನೆಯಲಿಲ್ಲ. ಮೇಲೆ ಫ್ಯಾನು, ಕೆಳಗೆ ಮರದ ಹಲಗೆ. ಒಮ್ಮೆ ಎಂಜಿನಿಯರರು ಸ್ವಂತ ಕುರ್ಚಿಯನ್ನೇ ತಮಗೆ ಬಿಟ್ಟುಕೊಟ್ಟು ಬಾಗಿಲಲ್ಲಿ ನಿಂತು ಟೀ ಕುಡಿಯುತ್ತಿದ್ದುದನ್ನು ನೋಡಿ, ಇಷ್ಟು ಗೌರವ ನಮ್ಮ ಬೀದಿಯಲ್ಲಿ ಯಾವ ಅಳಿಯನಿಗೂ ಸಿಕ್ಕಿಲ್ಲವೆಂದು ಚಿಕ್ಕಮ್ಮ ಹೇಳಿದಳು. ಮಳೆ ನಿಂತು, ಮಣ್ಣೆಲ್ಲ ಇಳಿದುಹೋದ ಮೇಲೆ, ಹರಿಯಲು ಏನೂ ಉಳಿಯದ ಇಳಿಜಾರಿನಲ್ಲಿ ತಮ್ಮನ್ನು ಮತ್ತೆ ನಿಲ್ಲಿಸುತ್ತಿದ್ದರು. ಅಧಿಕಾರಿಗಳು ಯಾವಾಗಲೂ ಬಿಸಿಲಿನ ದಿನವೇ ಬರುತ್ತಿದ್ದರು, ಏಕೆಂದರೆ ಮಳೆಯಲ್ಲಿ ನಿವೇಶನದ ದಾರಿ ಕೆಸರಾಗಿ ಅವರ ಜೀಪು ಹೂತುಹೋಗುತ್ತದೆ. ಆ ಕೆಸರು ಎಲ್ಲಿಂದ ಬರುತ್ತದೆಂದು ಅವರು ಯೋಚಿಸಿದ್ದರೆ ಈ ಪತ್ರದ ಅಗತ್ಯವೇ ಇರುತ್ತಿರಲಿಲ್ಲ.

ತಾವು ಕೋಣೆಯಲ್ಲಿ ವಿಶ್ರಮಿಸುತ್ತಿದ್ದ ಆ ಹೊತ್ತುಗಳಲ್ಲಿ ಗುಡ್ಡ ನಮ್ಮ ಮನೆಗೆ ಬರುತ್ತಿತ್ತು. ಕಿಂಡಿಯಿಂದ ಬರುವ ನೀರು ಮೊದಲು ಟೀ ಬಣ್ಣಕ್ಕೆ, ಆಮೇಲೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿ, ತೊಟ್ಟಿಯ ತಳದಲ್ಲಿ ಕೈ ಹಾಕಿದರೆ ಬೆರಳು ಕಾಣದಷ್ಟು ದಪ್ಪವಾಗುತ್ತಿತ್ತು. ಮೊದಲ ಸಲ ಹೊದಿಕೆಗಳು ಕೆಂಪು ಛಾಯೆ ಹೊತ್ತು ಹೋದಾಗ ಹೆರಿಗೆ ಆಸ್ಪತ್ರೆಯ ದೊಡ್ಡ ನರ್ಸ್ ಒಮ್ಮೆ ಬಿಡಿಸಿ ನೋಡಿ ಕಪಾಟಿಗೆ ಹಾಕಿಕೊಂಡರು. ಎರಡನೆಯ ಸಲ ಅವರು ಮಗು ಸುತ್ತುವ ಬಟ್ಟೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು, ಚಿಕ್ಕಮ್ಮನ ಮುಖ ನೋಡದೆ, "ನೋಡಮ್ಮಾ, ಬಾಣಂತಿ ಕಣ್ಣು ಬಿಟ್ಟು ಮಗೂನ ನೋಡೋ ಮುಂಚೆ ಈ ಕಲೆ ನೋಡ್ತಾಳೆ. ರಕ್ತ ಅಂದ್ಕೊಂಡು ಒಬ್ಬಳು ಕಿರುಚಿದಳು. ಇನ್ನೊಂದ್ಸಲ ಹೀಗಾದ್ರೆ ಯಂತ್ರದ ಲಾಂಡ್ರಿಗೆ ಕೊಡ್ತೀನಿ, ಬೇಜಾರು ಮಾಡ್ಕೋಬೇಡ," ಎಂದರು. ಅವರು ಬೈದಿದ್ದರೆ ಚಿಕ್ಕಮ್ಮ ತಿರುಗಿ ಬೈದು ಹಗುರಾಗುತ್ತಿದ್ದಳು. ಬೇಜಾರು ಮಾಡಿಕೊಳ್ಳಬೇಡ ಎಂದದ್ದಕ್ಕೆ ದಾರಿಯುದ್ದಕ್ಕೂ ಬೇಜಾರು ಮಾಡಿಕೊಂಡು ಬಂದಳು. ಇನ್ನೊಂದು ಸಲ, ಅಷ್ಟೇ ಉಳಿದಿದ್ದುದು.

ಇಂಥ ಹೊತ್ತಿನಲ್ಲಿ ಗಿರಾಕಿಯಾಗಿ ತಾವೇ ನಮ್ಮ ಅಂಗಡಿಯ ಬಾಗಿಲು ಹತ್ತಿ ಬಂದಿರಿ ಎಂಬುದನ್ನು ನಾನು ಇಂದಿಗೂ ನಂಬಲಾರೆ. ಬಿಸಿಲಿನಲ್ಲಿ ನಿಂತು ನಿಂತು ತಮ್ಮ ಮೇಲೆ ಲಾರಿಗಳ ಧೂಳು ಕೂತಿತ್ತು. ಪರಿಶೀಲನೆಯ ದಿನ ಹತ್ತಿರವಿತ್ತು. ಮೇಲ್ವಿಚಾರಕರು ತಮ್ಮನ್ನು ಬೈಕಿನ ಹಿಂದೆ ಕಟ್ಟಿಕೊಂಡು ಬಂದು, "ಅಮ್ಮಾ, ಇದನ್ನ ಹಾಲಿನ ಥರ ಮಾಡಿಕೊಡಿ," ಎಂದರು. ನಾನು ಕೂಗಾಡಿದೆ. ನಮ್ಮ ನೀರನ್ನು ಹಾಳುಮಾಡುವವರ ಬಟ್ಟೆಯನ್ನು ನಮ್ಮ ನೀರಿನಲ್ಲೇ ಒಗೆಯುವುದೆಂದರೇನು, ಇದು ಅನ್ಯಾಯದ ಮೇಲೆ ಅವಮಾನ ಎಂದೆ. ಚಿಕ್ಕಮ್ಮ ಚೀಟಿ ಬರೆಯುತ್ತಲೇ, "ಗಿರಾಕಿ ಮೇಲೆ ಕೋಪ ಇರಬಹುದು ಕಣೇ, ಬಟ್ಟೆ ಮೇಲೆ ಯಾಕೆ? ಅದೇನು ಮಾಡಿದೆ ಪಾಪ," ಎಂದಳು. ಅದು ಏನೂ ಮಾಡದಿರುವುದೇ ನನ್ನ ದೂರು ಎಂದು ನಾನು ಹೇಳಿದ್ದು ಒಲೆಯ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ. ಮಳೆಯಿಲ್ಲದ ವಾರವಾದ್ದರಿಂದ ನೀರು ತಿಳಿಯಾಗಿತ್ತು. ಅವಳು ತಮ್ಮನ್ನು ಒಗೆದಳು, ಹಿಂಡಿದಳು, ಒಂದು ಮೂಲೆಗೆ ಇಸ್ತ್ರಿ ಮುಟ್ಟಿಸಿ ಅದು ಮೇಣದಂತೆ ಕರಗಿದ್ದನ್ನು ಕಂಡು ನಾಲಿಗೆ ಕಚ್ಚಿಕೊಂಡಳು, ಆ ತಪ್ಪು ಮುಚ್ಚಿಡಲು ಇಡೀ ಮೈಗೆ ದಪ್ಪ ಗಂಜಿ ಹಾಕಿ ಹಲಗೆಯಂತೆ ನೆಟ್ಟಗೆ ನಿಲ್ಲಿಸಿದಳು. ಗಂಜಿ ಹಾಕಿದ ಹೂಳುತಡೆ ಪರದೆ ಜಗತ್ತಿನಲ್ಲಿ ತಾವೊಬ್ಬರೇ ಇರಬೇಕು. ನೀರು ಸೋರಬೇಕಾದ ತೂತುಗಳೆಲ್ಲ ಗಂಜಿಯಿಂದ ಮುಚ್ಚಿದ್ದವು. ಅಧಿಕಾರಿಗಳು ಮಾತ್ರ ತಮ್ಮನ್ನು ನೋಡಿ, ಇಷ್ಟು ಬಿಗಿಯಾಗಿ ಕಟ್ಟಿದ ಪರದೆಯನ್ನು ತಮ್ಮ ಸೇವಾವಧಿಯಲ್ಲಿ ಕಂಡಿಲ್ಲವೆಂದು ಬರೆದು ಪೂರ್ತಿ ಅಂಕ ಕೊಟ್ಟರು. ಆಮೇಲೆ ಪ್ರತಿ ಪರಿಶೀಲನೆಗೆ ಮೊದಲು ತಾವು ನಮ್ಮಲ್ಲಿಗೆ ಬರುವುದು ವಾಡಿಕೆಯಾಯಿತು.

ಹೋದ ತಿಂಗಳು ಹಾಗೆಯೇ ಬಂದು, ಗಂಜಿ ಹಾಕಿಸಿಕೊಂಡು, ನಮ್ಮ ಹಗ್ಗದ ಮೇಲೆ ಒಣಗುತ್ತಿದ್ದಾಗ, ಕಾವಲುಗಾರನ ಸೀಟಿಗೂ ಪುರುಸೊತ್ತು ಕೊಡದೆ ಮಳೆ ಹೊಡೆಯಿತು. ಆಸ್ಪತ್ರೆಯ ಹೊದಿಕೆಗಳಲ್ಲಿ ಅರ್ಧ ಮಾತ್ರ ಜಾಲಿಸಿ ಆಗಿತ್ತು, ಉಳಿದರ್ಧ ಸಾಬೂನಿನಲ್ಲೇ ಇತ್ತು, ಬೆಳಿಗ್ಗೆ ಒಪ್ಪಿಸಬೇಕಾಗಿತ್ತು. ಕಿಂಡಿಗೆ ಗೋಣಿ ತುರುಕಿದರೆ ನೀರೇ ಇಲ್ಲ, ಬಿಟ್ಟರೆ ಇಡೀ ಗುಡ್ಡ ಒಳಗೆ. ಚಿಕ್ಕಮ್ಮ ಒಂದು ಗಳಿಗೆ ಸೊಂಟಕ್ಕೆ ಕೈಯಿಟ್ಟು ನಿಂತವಳು, ಒಮ್ಮೆಲೇ ತಮ್ಮನ್ನು ಹಗ್ಗದಿಂದ ಎಳೆದು ತಂದು, ಬಟ್ಟೆ ಹಗ್ಗದ ಗೂಟಗಳನ್ನೂ ಕಿತ್ತುಕೊಂಡು, ತೊಟ್ಟಿಯ ಮುಂದೆ ಚಪ್ಪಡಿಯ ಮೇಲೆ ಅಡ್ಡಲಾಗಿ ಎತ್ತಿ ಹಿಡಿದಳು. ಅದೇ ಹೊತ್ತಿಗೆ ಮೇಲ್ವಿಚಾರಕರು ಕೊಡೆ ಹಿಡಿದು ಓಡಿಬಂದರು. ಕೊಡೆ ಅವರಿಗಲ್ಲ, ತಮಗೆ.

"ಅಮ್ಮಾ, ಅದನ್ನ ಒಳಗೆ ಹಾಕಿ, ನೆನೀತಾ ಇದೆ!" ಎಂದು ಅವರು ಬಾಗಿಲಿನಿಂದಲೇ ಕೂಗಿದರು.

"ನೆನೀಲಿ ಅಂತಾನೇ ಅದನ್ನ ಮಾಡಿರೋದು. ಬಾರಪ್ಪ, ಈ ಗೂಟ ಹಿಡ್ಕೊ."

"ನನ್ನ ಕೆಲಸ ಹೋಗತ್ತಮ್ಮಾ."

"ನನ್ನದು ಹೋಗ್ತಾ ಇದೆ, ಕಣ್ಣ ಮುಂದೇನೇ. ಗಟ್ಟಿಯಾಗಿ ಹಿಡಿ."

ಹರಿವಿಗೆ ಅಡ್ಡಲಾಗಿ ಪರದೆ ಕಟ್ಟಬಾರದು, ನೀರು ಹರಡಿ ನಿಧಾನವಾಗುವ ಕಡೆ ಅರ್ಧಚಂದ್ರದಂತೆ ಕಟ್ಟಬೇಕು, ಬುಡ ಹೂಳದಿದ್ದರೆ ಎಲ್ಲ ವ್ಯರ್ಥ ಎಂದು ಹೊತ್ತಗೆಯಲ್ಲಿ ಓದಿದ್ದನ್ನು ನಾನು ಮಳೆಯಲ್ಲಿ ನಿಂತು ಒಪ್ಪಿಸತೊಡಗಿದೆ. "ಅದನ್ನ ಬಾಯಲ್ಲಿ ಹೇಳ್ತೀಯಾ, ಕೈಯಲ್ಲಿ ಮಾಡ್ತೀಯಾ?" ಎಂದಳು ಚಿಕ್ಕಮ್ಮ. ನಾನು ಇಟ್ಟಿಗೆ ತಂದು ತಮ್ಮ ಅಂಚಿನ ಮೇಲೆ ಸಾಲಾಗಿ ಹೇರಿದೆ. ಮೇಲ್ವಿಚಾರಕರು ಒಂದು ಕೈಯಲ್ಲಿ ಗೂಟ, ಇನ್ನೊಂದರಲ್ಲಿ ಕೊಡೆ ಹಿಡಿದು, ಅದನ್ನು ತಾವು ನೆನೆಯದಂತೆ ತಮ್ಮತ್ತಲೇ ಬಾಗಿಸಿ, ಅಳುವವರಂತೆ ನಿಂತಿದ್ದರು. ಮೊದಲಿಗೆ ತಾವು ಒಂದು ಹನಿಯನ್ನೂ ಬಿಡಲಿಲ್ಲ. ಗಂಜಿಯ ಪ್ರತಾಪದಿಂದ ನೀರು ಏರಿ ಏರಿ ಅಡುಗೆಮನೆಯ ಹೊಸ್ತಿಲು ಮುಟ್ಟಿತು. ಆಮೇಲೆ ಗಂಜಿ ಬಿಟ್ಟಿತು. ತಮ್ಮ ಮೈಯಿಂದ ಹಾಲಿನಂಥ ನೀರು ಇಳಿಯಿತು, ಅದರ ಹಿಂದೆಯೇ ಬರೀ ನೀರು ಇಳಿಯಿತು, ಕೆಂಪೆಲ್ಲ ಹಿಂದೆ ಉಳಿಯಿತು. ಚಿಕ್ಕಮ್ಮ ಅದನ್ನು ಬೊಗಸೆಯಲ್ಲಿ ಹಿಡಿದು ನೋಡಿ, ಹೊದಿಕೆಗಳ ಕಡೆ ತಿರುಗಿದಳು. ಮೇಲ್ವಿಚಾರಕರು ಕೊಡೆ ಮಡಿಸಿದರು. ಅಷ್ಟು ದಿನ ತಮ್ಮನ್ನು ಕಾಪಾಡಿದ ಮನುಷ್ಯ, ತಾವು ಮಾಡಬಲ್ಲ ಕೆಲಸವನ್ನು ಅಂದೇ ಮೊದಲು ನೋಡಿದ್ದು.

ಬೆಳಿಗ್ಗೆ ದೊಡ್ಡ ನರ್ಸ್ ಪ್ರತಿ ಹೊದಿಕೆಯನ್ನೂ ಬಿಡಿಸಿ ಕಿಟಕಿಗೆ ಹಿಡಿದರು, ಮೂಸಿದರು, ಮಡಿಸಿ ಕಪಾಟಿಗೆ ಹಾಕಿ, ಮುಂದಿನ ಗಂಟನ್ನು ಕಾಲಿನಿಂದ ನಮ್ಮ ಕಡೆ ತಳ್ಳಿದರು. ಅವರ ಭಾಷೆಯಲ್ಲಿ ಅದು ಅಪ್ಪುಗೆ.

ಆದರೆ ಪರಿಶೀಲನೆಯ ದಿನ ಬಂದೇ ಬಂತು. ಇಳಿಜಾರಿನಲ್ಲಿ ಬರೀ ಗೂಟಗಳಿದ್ದವು. ಪರದೆ ಎಲ್ಲಿ ಎಂದು ಅಧಿಕಾರಿಗಳು ಕೇಳಲು, ಸುಳ್ಳು ಹೊಳೆಯದ ಮೇಲ್ವಿಚಾರಕರು, ಒಗೆಯಲು ಹೋಗಿದೆ ಎಂದು ನಿಜ ನುಡಿದುಬಿಟ್ಟರು. ಅಧಿಕಾರಿಗಳು ನಮ್ಮ ಅಂಗಳಕ್ಕೆ ಇಳಿದುಬಂದು, ಹಿಂದೆ ಮಂಡಿಯೆತ್ತರದ ಹೂಳು ಹೊತ್ತು ನಿಂತಿದ್ದ ತಮ್ಮನ್ನು ಕಂಡು, ಮಗ ಕುಡಿದು ಬಿದ್ದದ್ದನ್ನು ಕಂಡ ತಂದೆಯಂತೆ ಕಣ್ಣು ಮುಚ್ಚಿಕೊಂಡರು. ಆ ಕಡೆ ಬಂದ ನೀರನ್ನೂ ಈ ಕಡೆ ಹೋಗುವ ನೀರನ್ನೂ ಎರಡು ಲೋಟದಲ್ಲಿ ಹಿಡಿದು ನಾನು ಅವರ ಮುಂದೆ ಇಟ್ಟೆ. ಅವರು ಸಜ್ಜನರು, ಎರಡನ್ನೂ ನೋಡಿದರು, ವ್ಯತ್ಯಾಸ ಇದೆ ಎಂದೂ ಒಪ್ಪಿದರು. "ಆದ್ರೆ ನೋಡಮ್ಮಾ, ನನ್ನ ನಮೂನೇಲಿ ನೀರಿಗೆ ಜಾಗ ಇಲ್ಲ. ಪರದೆಗೆ ಮಾತ್ರ ಇರೋದು," ಎಂದರು. ಆಮೇಲೆ ಎರಡು ಆದೇಶ ಬರೆದರು. ಒಂದು, ಕಟ್ಟಡ ಕೆಲಸವಿಲ್ಲದ ಜಾಗದಲ್ಲಿ ಹೂಳುತಡೆ ಸಾಧನವನ್ನು ಅನುಮತಿಯಿಲ್ಲದೆ ನಡೆಸುತ್ತಿರುವುದರಿಂದ ಅಂಗಡಿಯವರು ಅದನ್ನು ಕೂಡಲೇ ತೆರವು ಮಾಡತಕ್ಕದ್ದು. ಇನ್ನೊಂದು, ಕಡತದಲ್ಲಿ ಮುದ್ರೆ ಬಿದ್ದಿರುವ ಇದೇ ಪರದೆ ಸ್ವಚ್ಛವಾಗಿ ಸ್ವಸ್ಥಾನದಲ್ಲಿ ಕಾಣಿಸಿಕೊಳ್ಳುವವರೆಗೆ ಕಂಪನಿಯ ಮನೆಗಳಿಗೆ ಯಾರೂ ವಾಸಕ್ಕೆ ಬರುವಂತಿಲ್ಲ. ಅಲ್ಲಿಯವರೆಗೆ ತಾತ್ಕಾಲಿಕವಾಗಿ ಬೇರೊಂದು ಪರದೆ ಕಟ್ಟತಕ್ಕದ್ದು.

ಎರಡನ್ನೂ ನಾನು ಎರಡೆರಡು ಸಲ ಓದಿದೆ. ತಾವು ಮೇಲೆ ಹೋದರೆ ಮತ್ತೆ ಸೀಟಿ, ಸುರುಳಿ, ಫ್ಯಾನು; ಕೆಳಗೆ ಮತ್ತೆ ಕೆಂಪು ನೀರು; ದೊಡ್ಡ ನರ್ಸ್ ಹೇಳಿದ್ದ ಆ ಇನ್ನೊಂದು ಸಲ ಯಾವ ಮಳೆಗೆ ಬೇಕಾದರೂ ಬರಬಹುದು. ತಮ್ಮನ್ನು ಕೊಡುವುದೇ ಬೇಡ, ಬಳಸುವವರದ್ದೇ ಪರದೆ, ಜನರ ಹೆಸರಿನಲ್ಲಿ ವಶಪಡಿಸಿಕೊಳ್ಳೋಣ ಎಂದು ನಾನು ಘೋಷಿಸಿದೆ. ಚಿಕ್ಕಮ್ಮ ಬಕೆಟ್ ಕೆಳಗಿಟ್ಟು, "ಗಿರಾಕಿ ಬಟ್ಟೆ ಇಟ್ಕೊಳ್ಳೋದಾ? ಕಳ್ಳರೇನೇ ನಾವು?" ಎಂದು ಗದರಿದಳು. ನನ್ನ ಚಳವಳಿ ಅಲ್ಲಿಗೆ ಮುಗಿಯಿತು. ಆಮೇಲೆ ಅವಳು ಸೆರಗಿಗೆ ಕೈ ಒರೆಸಿಕೊಂಡು ಅಧಿಕಾರಿಗಳ ಹತ್ತಿರ ಹೋಗಿ, ಇದು ಸಾಧನವೂ ಅಲ್ಲ ಗೀಧನವೂ ಅಲ್ಲ, ಗಿರಾಕಿಯ ಬಟ್ಟೆ, ತುಂಬ ಕೊಳೆಯಾಗಿರುವುದರಿಂದ ನೆನೆಹಾಕಿದ್ದೇನೆ, ಬಟ್ಟೆ ನೆನೆಹಾಕಲು ಲಾಂಡ್ರಿಗೆ ಯಾರ ಅನುಮತಿ ಬೇಕು ಸ್ವಾಮಿ ಎಂದು ಬಹಳ ನಯವಾಗಿ ಕೇಳಿದಳು. ಅಧಿಕಾರಿಗಳು ಹೊತ್ತಗೆ ತಿರುವಿದರು. ನೆನೆಹಾಕುವುದರ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ.

ಹಾಗಾದರೆ ಯಾವಾಗ ಕೊಡುತ್ತೀರಿ ಎಂದು ಮೇಲ್ವಿಚಾರಕರು ಕೇಳಿದರು. "ಕೊಳೆ ಹೋದ ದಿನ. ಕೊಳೆ ಇರೋ ಬಟ್ಟೇನ ಗಿರಾಕಿ ಕೈಗೆ ಕೊಟ್ಟೋಳಲ್ಲ ನಾನು, ನಮ್ಮತ್ತೇನೂ ಕೊಟ್ಟಿಲ್ಲ. ತಿಳಿ ನೀರು ಬಂದ ದಿನ ಒಗೆದು ಕೊಡ್ತೀನಿ," ಎಂದಳು ಚಿಕ್ಕಮ್ಮ. ನೀರು ಯಾವಾಗ ತಿಳಿಯಾಗುತ್ತದೆ ಎಂದು ಅವರು ಕೇಳಿದರು. "ಅದು ಮೇಲಿರೋ ನಿಮಗೇ ಗೊತ್ತಿರಬೇಕಪ್ಪ," ಎಂದು ಅವಳು ಒಲೆಗೆ ಸೌದೆ ತಳ್ಳಲು ಕೂತಳು. ಮೇಲ್ವಿಚಾರಕರು ಗುಡ್ಡ ನೋಡಿದರು, ಕಿಂಡಿ ನೋಡಿದರು, ತಮ್ಮನ್ನು ನೋಡಿದರು, ಮತ್ತೆ ಗುಡ್ಡ ನೋಡಿದರು. ಮನುಷ್ಯನೊಬ್ಬನ ತಲೆಯೊಳಗೆ ಇಡೀ ಕಿರುಹೊತ್ತಗೆ ತಾನಾಗಿ ತೆರೆದುಕೊಳ್ಳುವುದನ್ನು ನಾನು ನೋಡಿದ್ದು ಅದೊಂದೇ ಸಲ.

ಮಾನ್ಯರೇ, ಮೊನ್ನೆ ಮಧ್ಯಾಹ್ನ ಮತ್ತೆ ಮೋಡ ಕವಿಯಿತು. ಕಾವಲುಗಾರ ಸೀಟಿ ಊದಿದ. ತಮ್ಮ ಜಾಗದಲ್ಲಿ ತಾತ್ಕಾಲಿಕವಾಗಿ ನೇಮಕವಾಗಿರುವ ತಮ್ಮ ಕಿರಿಯ ಸಹೋದರರನ್ನು ಸುತ್ತಲು ಕೆಲಸಗಾರರು ಎಂದಿನಂತೆ ಓಡಿದರು. ಆಗ ಮೇಲ್ವಿಚಾರಕರು ಗುಡ್ಡದ ಮೇಲಿನಿಂದ ಕೂಗಿದ್ದು ನಮ್ಮ ಮಾಳಿಗೆಯವರೆಗೂ ಕೇಳಿಸಿತು: "ಮುಟ್ಟಬೇಡ್ರೋ ಅದನ್ನ! ಇದು ಒಳಗೆ ಬಂದ್ರೆ ಅದು ವಾಪಸ್ ಬರಲ್ಲ!" ಕೆಲಸಗಾರರು ಏನೂ ಅರ್ಥವಾಗದೆ ಮಳೆಯಲ್ಲೇ ನಿಂತರು. ಪರದೆಯೂ ನಿಂತಿತು. ಮಣ್ಣು ಬಂದು ಅದರ ಎದೆಗೆ ಬಡಿಯಿತು. ಮಳೆ ನಿಂತ ಮೇಲೆ ಅವರು ಸಲಿಕೆ ಹಿಡಿದು ಅದರ ಹಿಂದಿನ ಹೂಳನ್ನು ಬಾಚಿ ಗುಡ್ಡಕ್ಕೇ ಹಾಕಿದರು; ಬೋಳಾದ ಇಳಿಜಾರಿನ ಮೇಲೆ ಹುಲ್ಲೂ ಹಾಸಿದರು. ನಮ್ಮ ಕಿಂಡಿಯಿಂದ ಆ ದಿನ ಬಂದ ನೀರು ಟೀಯಷ್ಟು ಕೆಂಪಾಗಿತ್ತು, ಇಟ್ಟಿಗೆಯಷ್ಟಲ್ಲ. ಚಿಕ್ಕಮ್ಮ ಅದರಲ್ಲಿ ಬಿಳಿ ಬಟ್ಟೆಯ ತುಂಡೊಂದನ್ನು ಅದ್ದಿ, ಹಿಂಡಿ, ಬಿಡಿಸಿ ನೋಡಿ, "ಇನ್ನೂ ಇಲ್ಲ," ಎಂದಳು. ಆದರೆ ಹೇಳಿದ ಧಾಟಿಯಲ್ಲಿ ಸಿಟ್ಟಿರಲಿಲ್ಲ. ಆಸ್ಪತ್ರೆಯ ಗಂಟು ಈ ವಾರವೂ ನಮ್ಮಲ್ಲಿಗೇ ಬಂದಿದೆ. ಮುಂದಿನ ವಾರ ಬರುತ್ತದೋ ಇಲ್ಲವೋ ಎಂಬುದು ಮೇಲಿನ ಆ ಕಿರಿಯರನ್ನು ಅವಲಂಬಿಸಿದೆ.

ಆದ್ದರಿಂದ ನನ್ನ ಕೆಲವು ವಿನಮ್ರ ಬೇಡಿಕೆಗಳನ್ನು ತಾವು ನಡೆಸಿಕೊಡಬೇಕು. ಪರಿಶೀಲನೆ ಮಳೆ ಸುರಿಯುವಾಗಲೇ ನಡೆಯುವಂತೆ ತಾವು ಕಚೇರಿಗೆ ಶಿಫಾರಸು ಮಾಡಬೇಕು. ಜೀಪು ಹೂತರೆ ತಳ್ಳಲು ನಮ್ಮ ಬೀದಿಯವರು ಸಿದ್ಧ. ಕೊಳಕಾದ ಪರದೆಗೆ ಹೆಚ್ಚು ಅಂಕ, ಬೆಳ್ಳಗಿರುವುದಕ್ಕೆ ಸೊನ್ನೆ ಎಂಬ ಹೊಸ ನಿಯಮವನ್ನು ತಮ್ಮ ಸೇವಾನುಭವದ ಆಧಾರದ ಮೇಲೆ ಮಂಡಿಸಬೇಕು. ನಮೂನೆಯ ಅಂಚಿನಲ್ಲಾದರೂ ನೀರಿಗೆ ಒಂದು ಅಂಗುಲ ಜಾಗ ಬಿಡಿಸಿಕೊಡಬೇಕು. ಸಾಧ್ಯವಾದರೆ ಗುಡ್ಡಕ್ಕೆ ತಾವೇ ಮುಖತಃ ತಿಳಿಹೇಳಿ, ಮನೆಗಳೆಲ್ಲ ಕಟ್ಟಿ ಮುಗಿಯುವವರೆಗೆ ಅದು ಅಲ್ಲಾಡದಂತೆ ಮಾತು ಪಡೆಯಬೇಕು. ಇವೆಲ್ಲ ಕಷ್ಟವಾದರೆ ಒಂದನ್ನಾದರೂ ಮಾಡಿ: ಕಿರಿಯ ಸಹೋದರರಿಗೆ, ಫ್ಯಾನಿನ ಕೆಳಗಿನ ದಿನಗಳನ್ನು ವರ್ಣಿಸಬೇಡಿ.

ಎಂದು, ತಮ್ಮನ್ನು ಕೆಸರಿನಲ್ಲಿ ಕಂಡ ಮೇಲೆಯೇ ತಮ್ಮ ಮೇಲೆ ವಿಶ್ವಾಸ ಹುಟ್ಟಿಸಿಕೊಂಡ,

ತಮ್ಮ ವಿಶ್ವಾಸಿ,
ಕೆಳಗಿನ ಬೀದಿಯ ಲಾಂಡ್ರಿಯವಳ ಅಕ್ಕನ ಮಗಳು

ತಾಜಾ ಕಲಂ: ಅಂದು ಅಧಿಕಾರಿಗಳು ತಮ್ಮ ಹಿಂದಿನ ಹೂಳಿನ ಆಳವನ್ನು ಅಳೆಯಲು ಅದರೊಳಗೇ ಕಾಲಿಟ್ಟು, ಜಾರಿ ಕುಳಿತು, ಸೊಂಟದವರೆಗೆ ಕೆಸರಾಗಿ, ಯಾರೋ ಬಿಟ್ಟುಹೋದ ಪ್ಯಾಂಟನ್ನು ನಮ್ಮಿಂದ ಎರವಲು ಪಡೆದು ಮನೆಗೆ ಹೋದದ್ದನ್ನು ಮೇಲೆ ಬರೆಯಲು ಸಂಕೋಚವಾಯಿತು. ಅವರ ಇಲಾಖೆಯ ಪ್ಯಾಂಟು ನಮ್ಮಲ್ಲೇ ನೆನೆಹಾಕಿದೆ. ನಿನ್ನೆ ಅವರು ಫೋನ್ ಮಾಡಿ ಅದು ಯಾವಾಗ ಸಿಗುತ್ತದೆಂದು ಕೇಳಿದರು. ತಿಳಿ ನೀರು ಬಂದ ದಿನ ಎಂದು ಚಿಕ್ಕಮ್ಮ ಹೇಳಿದ್ದಾಳೆ. ಇವತ್ತು ಮಳೆಯಲ್ಲಿ ಅವರ ಜೀಪು ಮೊದಲ ಸಲ ಗುಡ್ಡ ಹತ್ತುತ್ತಿದೆ.